ಹಾರ್ನಿಮನ್ ಸರ್ಕಲ್‌ನ ಆ ಹಾರ್ನಿಮನ್ ಯಾರು?

ಸಂಘದ ಮಹಾಸಭೆ ಮುಗಿದು ಚಹಾ-ತಿಂಡಿಯ ಹೊತ್ತಾಯಿತೆಂದರೆ ಮಾತು ಪತ್ರಿಕೆಗಳತ್ತ ಹೊರಳುವುದು ವಾಡಿಕೆ. ಆ ಪತ್ರಿಕೆ ಆ ಪಕ್ಷದ್ದು, ಈ ಪತ್ರಿಕೆ ಈ ಧಣಿಯದ್ದು ಎನ್ನುವವರು ಒಂದೆಡೆ. ನಮ್ಮ ವಾರ್ಷಿಕೋತ್ಸವಕ್ಕೆ ನಾಲ್ಕೇ ಸಾಲು, ಪಕ್ಕದ ಸಂಘಕ್ಕೆ ಫೋಟೋ ಸಮೇತ ಅರ್ಧ ಪುಟ ಎಂದು ಮುನಿಸಿಕೊಳ್ಳುವವರು ಇನ್ನೊಂದೆಡೆ. ಪತ್ರಿಕೆಗಳು ಪಕ್ಷಪಾತಿಗಳೆಂಬ ದೂರು ನಿನ್ನೆ ಮೊನ್ನೆಯದಲ್ಲ. ನೂರು ವರ್ಷಗಳಿಗೂ ಹಿಂದೆ ಇದೇ ಮುಂಬಯಿಯಲ್ಲಿ ಇಂಥ ದೂರಿನಿಂದಲೇ ಒಂದು ದಿನಪತ್ರಿಕೆ ಹುಟ್ಟಿತ್ತು. ಭಾರತೀಯರ ಹಣದಿಂದ, ಭಾರತೀಯರ ಪರವಾಗಿ ಹೊರಟ ಆ ಪತ್ರಿಕೆಯ ಮೊದಲ ಸಂಪಾದಕರು ಮಾತ್ರ ಒಬ್ಬ ಆಂಗ್ಲರು. ಅವರೇ ಬೆಂಜಮಿನ್ ಗಯ್ ಹಾರ್ನಿಮನ್.

ಫೋರ್ಟ್ ಪರಿಸರದ ಬ್ಯಾಂಕು, ವಿಮಾ ಕಚೇರಿ, ಹೋಟೆಲುಗಳಲ್ಲಿ ದುಡಿದ ನಮ್ಮವರಿಗೆ ಹಾರ್ನಿಮನ್ ಸರ್ಕಲ್ ಹೊಸ ಜಾಗವಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಉಂಡ ಮೇಲೆ ಅಲ್ಲಿನ ಉದ್ಯಾನದ ಮರದ ನೆರಳಲ್ಲಿ ಹತ್ತು ನಿಮಿಷ ಕುಳಿತೆದ್ದವರು ಎಷ್ಟೋ ಮಂದಿ. ಎದುರಿಗೆ ಟೌನ್ ಹಾಲಿನ ಎತ್ತರದ ಮೆಟ್ಟಿಲು, ಇತ್ತ ಸೇಂಟ್ ಥಾಮಸ್ ಇಗರ್ಜಿ. ಬ್ರಿಟಿಷರ ಕಾಲದಲ್ಲಿ ಇದು ಎಲ್ಫಿನ್‌ಸ್ಟನ್ ಸರ್ಕಲ್. ಸ್ವಾತಂತ್ರ್ಯ ಬಂದ ಮೇಲೆ ಬಿಳಿಯರ ಹೆಸರುಗಳನ್ನು ಒಂದೊಂದಾಗಿ ಅಳಿಸುತ್ತಿದ್ದ ಊರು ಇಲ್ಲಿ ಒಬ್ಬ ಬಿಳಿಯನ ಹೆಸರು ತೆಗೆದು ಇನ್ನೊಬ್ಬ ಬಿಳಿಯನ ಹೆಸರಿಟ್ಟಿತು. ಅದಕ್ಕೆ ಕಾರಣವಿತ್ತು.

ಹಾರ್ನಿಮನ್ ಅವರು ಜನಿಸಿದ್ದು 1873ರಲ್ಲಿ, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ. ತಂದೆ ನೌಕಾದಳದಲ್ಲಿ ವೇತನ ಬಟವಾಡೆ ವಿಭಾಗದ ಅಧಿಕಾರಿ. ಪೋರ್ಟ್ಸ್‌ಮತ್‌ನಲ್ಲಿ ಶಾಲೆ. 1894ರಲ್ಲಿ ಅದೇ ಊರಿನ ಸ್ಥಳೀಯ ಪತ್ರಿಕೆಯಲ್ಲಿ ವೃತ್ತಿ ಆರಂಭ. ಬಳಿಕ ಅಲ್ಲಿನ ಬೇರೆ ಬೇರೆ ಪತ್ರಿಕೆಗಳಲ್ಲಿ ದುಡಿದು, 1906ರಲ್ಲಿ ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆ ಸೇರಲು ಹಡಗು ಹತ್ತಿದರು. ಬಂಗಾಳ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ಕಾವೇರಿದ್ದ ದಿನಗಳವು. ಬಿಳಿಯರ ಪತ್ರಿಕೆಯಲ್ಲಿ ಕುಳಿತು ಕರಿಯರ ಚಳವಳಿ ನೋಡಿದ ಆ ವರ್ಷಗಳು ಅವರ ಮುಂದಿನ ಬದುಕಿಗೆ ಒಳ್ಳೆಯ ತಾಲೀಮಾದವು.

ಇತ್ತ ಮುಂಬಯಿಯಲ್ಲಿ ಬೇರೊಂದು ಕತೆ ನಡೆದಿತ್ತು. ಸರ್ ಫಿರೋಜ್‌ಶಾ ಮೆಹ್ತಾ ಅವರು ನಗರಪಾಲಿಕೆಯ ಅನಭಿಷಿಕ್ತ ದೊರೆ ಎಂದೇ ಹೆಸರಾಗಿದ್ದವರು. 1907ರ ಪಾಲಿಕೆ ಚುನಾವಣೆಯಲ್ಲಿ ಅವರನ್ನು ಹೊರಗಿಡಬೇಕೆಂದು ಕೆಲವು ಆಂಗ್ಲ ಅಧಿಕಾರಿಗಳು ಕೂಟ ಕಟ್ಟಿದರು. ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್ ಅವರ ಜೊತೆಗೆ ಟೈಮ್ಸ್ ಆಫ್ ಇಂಡಿಯಾದ ಆಗಿನ ಸಂಪಾದಕ ಲೋವಟ್ ಫ್ರೇಸರ್ ಕೂಡಾ ಆ ಕೂಟದಲ್ಲಿದ್ದರು. ಅಂದರೆ ಚುನಾವಣೆಯ ಸುದ್ದಿ ಬರೆಯಬೇಕಾದವರೇ ಚುನಾವಣೆಯ ಒಂದು ಪಕ್ಷ! 16 ಸ್ಥಾನಗಳಿಗೆ ನಡೆದ ಮತದಾನದಲ್ಲಿ ಮೆಹ್ತಾ 17ನೆಯವರಾದರು. ಗೆದ್ದವರೊಬ್ಬರ ಆಯ್ಕೆ ನಿಯಮದ ಪ್ರಕಾರ ಊರ್ಜಿತವಾಗದ ಕಾರಣ ಕೊನೆಗೆ ಅವರಿಗೆ ಸ್ಥಾನ ಸಿಕ್ಕಿತೆಂಬುದು ಬೇರೆ ಮಾತು. ಆದರೆ ತಮ್ಮವರ ಮಾತು ಹೇಳಲು ನಗರದಲ್ಲಿ ಒಂದು ಸಮರ್ಥ ಇಂಗ್ಲಿಷ್ ದಿನಪತ್ರಿಕೆ ಇಲ್ಲದ ಕೊರತೆ ಅವರಿಗೆ ಚುಚ್ಚಿತು. ಹಣ ಹೊಂದಿಸಿ ಕಂಪೆನಿ ಕಟ್ಟಲು ವರ್ಷಗಳೇ ಹಿಡಿದವು. 1913ರ ಮಾರ್ಚ್ 3ರಂದು ಬಾಂಬೆ ಕ್ರಾನಿಕಲ್ ಹೊರಬಂತು. ಸಂಪಾದಕರಾಗಿ ಹಾರ್ನಿಮನ್ ಬಂದರು. ಆಗ ಅವರಿಗೆ ನಲ್ವತ್ತು ತುಂಬಿರಲಿಲ್ಲ.

ಆ ಕಾಲದಲ್ಲಿ ಪತ್ರಿಕೆ ನಡೆಸುವುದೆಂದರೆ ಬರವಣಿಗೆಯಷ್ಟೇ ಅಲ್ಲ, ಠೇವಣಿಯ ವ್ಯವಹಾರವೂ ಹೌದು. 1910ರ ಪ್ರೆಸ್ ಕಾಯ್ದೆಯಂತೆ ಹೊಸ ಮುದ್ರಣಾಲಯ ತೆರೆಯುವವರು ಸರ್ಕಾರದಲ್ಲಿ 500ರಿಂದ 2,000 ರೂಪಾಯಿ ಜಾಮೀನು ಹಣ ಇಡಬೇಕಿತ್ತು. ಸರ್ಕಾರಕ್ಕೆ ಹಿಡಿಸದ್ದನ್ನು ಅಚ್ಚು ಮಾಡಿದರೆ ಆ ಹಣ ಮುಟ್ಟುಗೋಲು. ಮತ್ತೆ ತೆರೆಯಬೇಕೆಂದರೆ 1,000ದಿಂದ 10,000 ರೂಪಾಯಿ ತನಕ ಕಟ್ಟಬೇಕು. ಅದೂ ಹೋದರೆ ಮುಂದಿನ ಸಲ ಯಂತ್ರವನ್ನೇ ಹೊತ್ತೊಯ್ಯಬಹುದು. ಹತ್ತು ರೂಪಾಯಿ ಸಂಬಳಕ್ಕೆ ಮನುಷ್ಯರು ದುಡಿಯುತ್ತಿದ್ದ ಕಾಲದ ಸಾವಿರ ರೂಪಾಯಿ ಅದು. ಸಣ್ಣ ಊರಿನ ಸಣ್ಣ ಪತ್ರಿಕೆಯ ಬಾಯಿ ಮುಚ್ಚಿಸಲು ಜೈಲು ಬೇಕಿರಲಿಲ್ಲ, ಈ ಠೇವಣಿಯೇ ಸಾಕಿತ್ತು. 1915ರಲ್ಲಿ ಈ ಕಾಯ್ದೆಯನ್ನು ಎದುರಿಸಲೆಂದು ಪತ್ರಕರ್ತರು ಸೇರಿ ಪ್ರೆಸ್ ಅಸೋಸಿಯೇಶನ್ ಆಫ್ ಇಂಡಿಯಾ ಕಟ್ಟಿದಾಗ ಹಾರ್ನಿಮನ್ ಅದರ ಅಧ್ಯಕ್ಷರಾದರು.

ಅದೇ ವರ್ಷದ ನವೆಂಬರಿನಲ್ಲಿ ಮೆಹ್ತಾ ತೀರಿಕೊಂಡರು. ಆಸರೆಯಾಗಿದ್ದ ದೊಡ್ಡ ಮರ ಹೋದಂತಾಯಿತು. ಕ್ರಾನಿಕಲ್ ಆಡಳಿತ ಮಂಡಳಿಯಲ್ಲಿ ಸೌಮ್ಯವಾದಿಗಳಿಗೂ ಆನಿ ಬೆಸೆಂಟರ ಹೋಂ ರೂಲ್ ಪಕ್ಷದವರಿಗೂ ಜಗ್ಗಾಟ ನಡೆದು, ಕೊನೆಗೆ ಮಂಡಳಿ ಹೋಂ ರೂಲ್‌ನವರ ಕೈಸೇರಿತು. ಮಹಮ್ಮದ್ ಅಲಿ ಜಿನ್ನಾ, ಉಮರ್ ಸೋಬಾನಿ, ಶಂಕರಲಾಲ್ ಬ್ಯಾಂಕರ್ ಮೊದಲಾದವರು ಪತ್ರಿಕೆಯ ಹಿಂದೆ ನಿಂತರು. ಹಾರ್ನಿಮನ್ ಹೋಂ ರೂಲ್ ವೇದಿಕೆಗಳಲ್ಲಿ ಭಾಷಣ ಮಾಡಿದರು. 1919ರಲ್ಲಿ ಗಾಂಧೀಜಿಯವರು ರೌಲಟ್ ಕಾಯ್ದೆಯ ವಿರುದ್ಧ ಸತ್ಯಾಗ್ರಹ ಸಭಾ ಸ್ಥಾಪಿಸಿದಾಗ ಅದರ ಉಪಾಧ್ಯಕ್ಷರಾದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಚಳವಳಿಯ ಪದಾಧಿಕಾರಿಯೊಬ್ಬರು ಅದೇ ಚಳವಳಿಯ ಸುದ್ದಿ ಅಚ್ಚು ಹಾಕುವ ಪತ್ರಿಕೆಯ ಸಂಪಾದಕರೂ ಆಗಿರುವುದು ಎಷ್ಟು ಸರಿ? ಲೋವಟ್ ಫ್ರೇಸರ್ ಮಾಡಿದ್ದು ತಪ್ಪಾದರೆ ಇದು ಹೇಗೆ ಒಪ್ಪು? ಸರ್ಕಾರಿ ವಲಯದ ಆಂಗ್ಲರು ಕ್ರಾನಿಕಲ್ ಪತ್ರಿಕೆಯನ್ನು ಪಕ್ಷಪಾತಿ ಎಂದು ಹಳಿದದ್ದರಲ್ಲಿ ಹುರುಳಿಲ್ಲದಿರಲಿಲ್ಲ. ಹಾರ್ನಿಮನ್ ತಾವು ಯಾರ ಕಡೆಗೂ ಇಲ್ಲವೆಂದು ಸೋಗು ಹಾಕಿದವರಲ್ಲ ಎಂಬುದಷ್ಟೇ ವ್ಯತ್ಯಾಸ. ಪತ್ರಿಕೆ ಕೊಂಡವನಿಗೂ ತಾನು ಯಾರ ಮಾತು ಓದುತ್ತಿದ್ದೇನೆಂದು ಗೊತ್ತಿರುತ್ತಿತ್ತು. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ.

1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡಯರ್ ಗುಂಡಿನ ಮಳೆ ಸುರಿಸಿದ. 1,650 ಸುತ್ತು ಗುಂಡು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 379. ಪಂಜಾಬಿನಲ್ಲಿ ಸೇನಾಡಳಿತ ಜಾರಿಗೆ ಬಂತು, ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಅಲ್ಲಿಂದ ಸುದ್ದಿ ಹೊರಬರಬೇಕಾದರೆ ಅಪಾಯ ಮೈಮೇಲೆ ಎಳೆದುಕೊಳ್ಳುವವರೇ ಬೇಕಿತ್ತು. ಕ್ರಾನಿಕಲ್‌ಗೆ ಪಂಜಾಬಿನ ಸುದ್ದಿ ಮುಟ್ಟಿಸಿದ ಗೋವರ್ಧನ್ ದಾಸ್ ಎಂಬವರಿಗೆ ಮೂರು ವರ್ಷಗಳ ಸೆರೆವಾಸವಾಯಿತು. ಹಾರ್ನಿಮನ್ ಹೆಸರು ಹೇಳುವಾಗ ಈ ಹೆಸರನ್ನೂ ಹೇಳುವುದು ನ್ಯಾಯ. ಸಂಪಾದಕರ ಹೆಸರಲ್ಲಿ ಸರ್ಕಲ್ ಆಯಿತು, ಬಾತ್ಮೀದಾರನ ಹೆಸರು ಯಾವ ಗಲ್ಲಿಗೂ ಬರಲಿಲ್ಲ.

ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಸರ್ಕಾರ ಹೆಚ್ಚು ದಿನ ಕಾಯಲಿಲ್ಲ. ಏಪ್ರಿಲ್ 26ರಂದು, ಯುದ್ಧಕಾಲಕ್ಕೆಂದು ಮಾಡಿದ್ದ ಭಾರತ ರಕ್ಷಣಾ ಕಾನೂನಿನಡಿ, ಅಸ್ವಸ್ಥರಾಗಿದ್ದ ಹಾರ್ನಿಮನ್ ಅವರನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಗಡೀಪಾರು ಮಾಡಲಾಯಿತು. ವಿಚಾರಣೆ ಇಲ್ಲ, ವಕೀಲರಿಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಭಾರತ ಮಂತ್ರಿ ಮಾಂಟೆಗ್ಯೂ ಇದಕ್ಕೆ ಸಮಜಾಯಿಷಿ ಕೊಟ್ಟರು. ದೆಹಲಿಯ ಗೋಲಿಬಾರಿನಲ್ಲಿ ಮೈಯೊಳಗೆ ಅರಳಿ ಸೀಳುವ ಮೆದುಮೂತಿಯ ಗುಂಡು ಬಳಸಲಾಗಿದೆ ಎಂದು ಪತ್ರಿಕೆ ಆಪಾದಿಸಿತ್ತು, ಪತ್ರಿಕೆಯ ಪ್ರತಿಗಳನ್ನು ಬ್ರಿಟಿಷ್ ಸೈನಿಕರಿಗೆ ಪುಕ್ಕಟೆ ಹಂಚಲಾಗುತ್ತಿತ್ತು ಎಂಬುದು ಸರ್ಕಾರದ ಕಡೆಯ ಆರೋಪ. ಆಪಾದನೆ ಸುಳ್ಳಾಗಿದ್ದರೆ ಕೋರ್ಟಿನಲ್ಲಿ ಸುಳ್ಳೆಂದು ತೋರಿಸಬಹುದಿತ್ತು. ಅದನ್ನು ಬಿಟ್ಟು ಬರೆದವನನ್ನೇ ದೇಶದಿಂದ ಸಾಗಿಸಿದ್ದು ಓದುಗರಿಗೆ ಯಾವ ಸಂಶಯ ಹುಟ್ಟಿಸಿರಬೇಕು?

ನಗರ ಹೊತ್ತಿ ಉರಿಯಬಹುದೆಂಬ ಭಯವಿತ್ತು. ಗಾಂಧೀಜಿ ಕರಪತ್ರಗಳನ್ನು ಹಂಚಿ ಶಾಂತಿ ಕಾಪಾಡಲು ಕೇಳಿಕೊಂಡರು, ಜನ ಅವರ ಮಾತು ಮೀರಲಿಲ್ಲ. ಕ್ರಾನಿಕಲ್ ಸೆನ್ಸಾರಿಗೆ ಒಳಗಾಗಿ ಕೆಲಕಾಲ ನಿಂತೇ ಹೋಯಿತು. ಆ ತೆರವು ತುಂಬಲೆಂದು ಸೋಬಾನಿ, ಬ್ಯಾಂಕರ್ ಮೊದಲಾದವರು ತಮ್ಮ ಕೈಯಲ್ಲಿದ್ದ ಯಂಗ್ ಇಂಡಿಯಾ ವಾರಪತ್ರಿಕೆಯನ್ನು ಗಾಂಧೀಜಿಗೆ ಒಪ್ಪಿಸಿದರು. ವಾರಕ್ಕೆರಡು ಬಾರಿ ಅದು ಹೊರಬರತೊಡಗಿತು. ಮುಂದೆ ದೇಶವೇ ಓದಿದ ಯಂಗ್ ಇಂಡಿಯಾ ಹೀಗೆ ಗಾಂಧೀಜಿಯವರ ಕೈಗೆ ಬಂದದ್ದು ಹಾರ್ನಿಮನ್ ಗಡೀಪಾರಿನ ನಿಮಿತ್ತದಿಂದ.

ಲಂಡನ್ ತಲುಪಿದ ಹಾರ್ನಿಮನ್ ಸುಮ್ಮನೆ ಕೂರಲಿಲ್ಲ. ಪಂಜಾಬಿನ ಘೋರವನ್ನು ಗುಟ್ಟಾಗಿ ಸಾಗಿಸಿದ ಚಿತ್ರಗಳ ಸಮೇತ ಕಾರ್ಮಿಕ ಪಕ್ಷದ ಡೈಲಿ ಹೆರಾಲ್ಡ್ ಪತ್ರಿಕೆಯಲ್ಲಿ ಹೊರಗೆಡವಿದರು. 1920ರಲ್ಲಿ ಅಮೃತಸರದ ಕುರಿತು ಒಂದು ಪುಸ್ತಕವನ್ನೇ ಬರೆದರು. ಅದೇ ವರ್ಷ ಅದೇ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆ, ಕೆಲಸ ಕಳೆದುಕೊಂಡ ಡಯರ್‌ಗಾಗಿ ನಿಧಿ ತೆರೆದು ಓದುಗರಿಂದ 26,000 ಪೌಂಡಿಗೂ ಮಿಕ್ಕಿ ಸಂಗ್ರಹಿಸಿತು! ಒಂದೇ ಊರು, ಒಂದೇ ಭಾಷೆ, ಒಂದೇ ಘಟನೆ. ಒಂದು ಪತ್ರಿಕೆಯ ಓದುಗನಿಗೆ ಡಯರ್ ಕೊಲೆಗಡುಕ, ಇನ್ನೊಂದರ ಓದುಗನಿಗೆ ಆತ ಸಾಮ್ರಾಜ್ಯ ಉಳಿಸಿದ ಧೀರ. ಎರಡೂ ಪತ್ರಿಕೆಗಳಿಗೆ ಪಕ್ಷವಿತ್ತು. ಆದರೆ ಸತ್ತವರ ಸುದ್ದಿ ಹೊರತರಲು ಹೆಣಗುವ ಪಕ್ಷಪಾತ, ಕೊಂದವನಿಗೆ ಹಮ್ಮಿಣಿ ಒಪ್ಪಿಸುವ ಪಕ್ಷಪಾತ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ಭಾರತಕ್ಕೆ ಮರಳಲು ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಲಾಯಿತು. ಇಲ್ಲಿ ಶಾಸನ ಸಭೆಗಳಲ್ಲಿ ಪ್ರಶ್ನೆಗಳು ಎದ್ದವು, ಫಲ ಸಿಗಲಿಲ್ಲ. ಕೊನೆಗೆ ಕಾನೂನಿನಲ್ಲೇ ಒಂದು ಸಂದು ಹುಡುಕಿ, 1926ರ ಜನವರಿಯಲ್ಲಿ ಅವರು ಭಾರತದ ನೆಲದಲ್ಲಿ ಇಳಿದರು. ಆರೂ ಮುಕ್ಕಾಲು ವರ್ಷಗಳ ಗಡೀಪಾರು. ಈ ಸಲ ಸರ್ಕಾರ ಅವರನ್ನು ಮತ್ತೆ ಹೊರದಬ್ಬುವ ಗೋಜಿಗೆ ಹೋಗಲಿಲ್ಲ.

ಬಂದವರು ಮತ್ತೆ ಕ್ರಾನಿಕಲ್ ಬಳಗ ಸೇರಿದರು. ಆದರೆ ಆ ಹೊತ್ತಿಗೆ ಪತ್ರಿಕೆಗೆ ಸಯ್ಯದ್ ಅಬ್ದುಲ್ಲಾ ಬ್ರೆಲ್ವಿ ಅವರ ಸಾರಥ್ಯ ದೊರೆತಿತ್ತು. ಹಾರ್ನಿಮನ್ 1929ರಲ್ಲಿ ಇಂಡಿಯನ್ ನ್ಯಾಶನಲ್ ಹೆರಾಲ್ಡ್ ಎಂಬ ಸ್ವಂತ ಪತ್ರಿಕೆ ಆರಂಭಿಸಿದರು, ಅದು ಹೆಚ್ಚು ಕಾಲ ಬಾಳಲಿಲ್ಲ. ಪೆನ್ನು ಗಟ್ಟಿ ಇದ್ದ ಮಾತ್ರಕ್ಕೆ ಪತ್ರಿಕೆ ನಿಲ್ಲುವುದಿಲ್ಲ, ಜಾಹೀರಾತು ಬೇಕು, ಕಾಗದದ ಬಿಲ್ಲು ಕಟ್ಟಬೇಕು ಎಂಬುದನ್ನು ನಮ್ಮ ಸಂಘಗಳ ಮುಖವಾಣಿ ನಡೆಸಿ ಕೈಸುಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1933ರಿಂದ ಬಾಂಬೆ ಸೆಂಟಿನೆಲ್ ಎಂಬ ಸಂಜೆ ಪತ್ರಿಕೆಯನ್ನು ಹನ್ನೆರಡು ವರ್ಷ ಸಂಪಾದಿಸಿದರು. ಸಾಯಂಕಾಲ ಕಚೇರಿ ಬಿಟ್ಟು ಲೋಕಲ್ ರೈಲು ಹಿಡಿಯುವ ಜನರಿಗಾಗಿ ಹೊರಡುತ್ತಿದ್ದ ಊರಿನ ಪತ್ರಿಕೆ ಅದು. 1941ರಲ್ಲಿ ರೂಸಿ ಕರಂಜಿಯಾ, ದಿನಕರ ನಾಡಕರ್ಣಿ ಅವರೊಂದಿಗೆ ಬ್ಲಿಟ್ಜ್ ವಾರಪತ್ರಿಕೆಯ ಹುಟ್ಟಿಗೂ ಕಾರಣರಾದರು. ಅರುವತ್ತೆಂಟರ ಹತ್ತಿರದ ವಯಸ್ಸಿನಲ್ಲಿ ಇನ್ನೊಂದು ಹೊಸ ಪತ್ರಿಕೆ!

ಸ್ವಾತಂತ್ರ್ಯವನ್ನು ಅವರು ಕಣ್ಣಾರೆ ಕಂಡರು. ಮರುವರ್ಷ, 1948ರ ಅಕ್ಟೋಬರಿನಲ್ಲಿ ನಿಧನ ಹೊಂದಿದರು. ಐವತ್ತು ವರ್ಷಗಳ ಪತ್ರಿಕಾ ವೃತ್ತಿಯ ನೆನಪುಗಳನ್ನು ಬರೆಯುತ್ತಿದ್ದವರು ಅದನ್ನು ಮುಗಿಸಲಿಲ್ಲ.

ಅವರ ಪತ್ರಿಕೆಗಳಲ್ಲಿ ಈಗ ಒಂದೂ ಇಲ್ಲ. ಬಾಂಬೆ ಕ್ರಾನಿಕಲ್ 1959ರಲ್ಲಿ ನಿಂತಿತು. ಆದರೆ ಸರ್ಕಲ್‌ಗೆ ತಾಗಿದ ಒಂದು ರಸ್ತೆಗೆ ಸಯ್ಯದ್ ಅಬ್ದುಲ್ಲಾ ಬ್ರೆಲ್ವಿ ಅವರ ಹೆಸರಿದೆ. 1949ರಲ್ಲಿ ತೀರಿಕೊಳ್ಳುವ ತನಕವೂ ಬ್ರೆಲ್ವಿ ಕ್ರಾನಿಕಲ್ ಸಂಪಾದಕರಾಗಿಯೇ ಇದ್ದರು. ಅದೇ ರಸ್ತೆಯ ರೆಡ್ ಹೌಸ್ ಕಟ್ಟಡ ಗುಜರಾತಿ ದಿನಪತ್ರಿಕೆ ಮುಂಬಯಿ ಸಮಾಚಾರದ ಮನೆ. 1822ರ ಜುಲೈ 1ರಂದು ಫರ್ದುನ್‌ಜಿ ಮರ್ಜ್‌ಬಾನ್ ಆರಂಭಿಸಿದ ಈ ಪತ್ರಿಕೆ 2022ರಲ್ಲಿ ಇನ್ನೂರು ವರ್ಷ ಪೂರೈಸಿತು. ವಿಟಿಯಿಂದ ನಡೆದು ಹೋದರೆ ಹದಿನೈದು ನಿಮಿಷದ ದಾರಿ.