ಎಂಜಿನ್ನಿಗೂ ಗಾಲಿಗೂ ನಡುವೆ

ನನ್ನ ಬಳಿ ಯಂತ್ರಶಾಸ್ತ್ರ ಓದಿ ಹೋದ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಬೇಸಗೆಯಲ್ಲಿ ಮನೆಗೆ ಬಂದಿದ್ದ. ಕಾರುಗಳ ಹುಚ್ಚು ಅವನಿಗೆ ಓದುವ ದಿನಗಳಿಂದಲೂ ಇದ್ದುದೇ. ಈಗ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿ ಆ ಹುಚ್ಚಿಗೆ ರೆಕ್ಕೆಯೂ ಮೂಡಿತ್ತು. ತನ್ನ ಕಾರಿನ ಟರ್ಬೊ ಒತ್ತಡವನ್ನು ಏರಿಸಿ, ಎಂಜಿನ್ನಿನ ತಿರುಗುಬಲವನ್ನು ಕಾರ್ಖಾನೆಯವರು ಕೊಟ್ಟದ್ದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಿಸಿಕೊಂಡಿದ್ದನಂತೆ. ಪರಿಣಾಮವಾಗಿ ಕ್ಲಚ್ಚು ಜಾರಲಾರಂಭಿಸಿತ್ತು. ಏರಿನಲ್ಲಿ ಆಕ್ಸಿಲರೇಟರ್ ಅದುಮಿದರೆ ಎಂಜಿನ್ನು ಅರಚುವುದು, ಕಾರು ಮಾತ್ರ ಮುಂದಕ್ಕೆ ನುಗ್ಗದು, ಸುಟ್ಟ ವಾಸನೆಯೊಂದು ಒಳಕ್ಕೆ ತುಂಬುವುದು. ಮೂರು ಬಗೆಯ ಬಲವಾದ ಕ್ಲಚ್ಚುಗಳ ವಿವರಗಳನ್ನು ನನ್ನ ಮೇಜಿನ ಮೇಲೆ ಹರಡಿ, ಯಾವುದನ್ನು ಆರಿಸಲಿ ಎಂದು ಕೇಳಿದ.

ಕ್ಲಚ್ಚಿನ ಲೆಕ್ಕ ಕಠಿಣವೇನಲ್ಲ. ಉಜ್ಜುವ ಮೈಗಳ ಘರ್ಷಣೆಯ ಗುಣ, ಅವುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಬಲ, ಅಂಥ ಮೈಗಳ ಸಂಖ್ಯೆ, ತಟ್ಟೆಯ ಸರಾಸರಿ ತ್ರಿಜ್ಯ, ಈ ನಾಲ್ಕನ್ನೂ ಗುಣಿಸಿದರೆ ಅದು ಜಾರದೆ ಎಷ್ಟು ತಿರುಗುಬಲವನ್ನು ದಾಟಿಸಬಲ್ಲದೆಂದು ತಿಳಿಯುತ್ತದೆ. ತ್ರಿಜ್ಯವನ್ನು ಹಿಗ್ಗಿಸಲು ಸಾಮಾನ್ಯವಾಗಿ ಎಡೆಯಿರುವುದಿಲ್ಲ. ಸ್ಪ್ರಿಂಗನ್ನು ಬಿಗಿಗೊಳಿಸಿದರೆ ಪೆಡಲು ಕಾಲಿಗೆ ಭಾರವಾಗುತ್ತದೆ, ಎಂಜಿನ್ನಿನ ಬೇರಿಂಗಿನ ಮೇಲೂ ಹೊರೆ ಬೀಳುತ್ತದೆ. ತಾಮ್ರ ಬೆರೆತ ಗಟ್ಟಿ ಲೋಹದ ಇಲ್ಲವೇ ಸೆರಾಮಿಕ್ಕಿನ ತುಂಡುಗಳನ್ನು ಕೂರಿಸಿದರೆ ಕಾವಿಗೆ ಜಗ್ಗದು, ಆದರೆ ಊರೊಳಗಿನ ದಟ್ಟಣೆಯಲ್ಲಿ ಪ್ರತಿ ಬಾರಿಯೂ ಗುದ್ದಿದಂತೆ ಹಿಡಿದುಕೊಳ್ಳುತ್ತದೆ. ತಟ್ಟೆಗಳನ್ನು ಎರಡು ಮಾಡಿದರೆ ಹಣ ಎರಡರಷ್ಟಕ್ಕೂ ಮಿಗಿಲಾಗುತ್ತದೆ. ರಸ್ತೆಯಲ್ಲಿ ಓಡಿಸುವ ಕಾರಿಗೆ ಕಾರ್ಖಾನೆಯದಕ್ಕಿಂತ ತುಸು ಬಿಗಿಯಾದ ಪ್ರೆಶರ್ ಪ್ಲೇಟು, ಮೃದು ಗುಣದ ಲೈನಿಂಗು, ಒಂದೇ ತಟ್ಟೆ ಸಾಕೆಂಬುದು ನನ್ನ ಮತ. ಅದನ್ನೇ ಹೇಳಿದೆ. ಹೇಳಿ, ಇನ್ನೊಂದನ್ನೂ ಕೇಳಿದೆ: ಕ್ಲಚ್ಚು ಜಾರುವುದು ನಿಂತ ಮೇಲೆ ಆ ಬಲವೆಲ್ಲ ಎಲ್ಲಿಗೆ ಹೋಗುತ್ತದೆ? ಅದರ ಹಿಂದಿರುವ ಗೇರಿನ ಹಲ್ಲು, ಡಿಫರೆನ್ಷಿಯಲ್ಲು, ಗಾಲಿಗೆ ಹೋಗುವ ಷಾಫ್ಟು, ಇವುಗಳ ತಾಳಿಕೆ ಎಷ್ಟು? ಅವನು ತಲೆ ಕೆರೆದುಕೊಂಡ. ಆಗ ನನಗೆ ಪ್ಯಾರಿ ಥಾಮಸನ ನೆನಪಾಯಿತು. ಅಂದು ಸಂಜೆ ಅವನಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜಾನ್ ಗಾಡ್‌ಫ್ರಿ ಪ್ಯಾರಿ ಥಾಮಸ್ ಹುಟ್ಟಿದ್ದು 1884ರ ಏಪ್ರಿಲ್ 6ರಂದು, ವೇಲ್ಸ್ ಸೀಮೆಯ ರೆಕ್ಸಮ್ಮಿನಲ್ಲಿ. ತಂದೆ ಇಗರ್ಜಿಯ ಪಾದ್ರಿ. ಹುಡುಗನಿಗೆ ಐದು ವರ್ಷವಾದಾಗ ಸಂಸಾರ ಗಡಿಯಾಚೆಯ ಆಸ್‌ವೆಸ್ಟ್ರಿಗೆ ಬಂದು ನೆಲಸಿತು. ಅಲ್ಲಿಯ ಶಾಲೆಯಲ್ಲಿ ಓದಿ, ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದ. ಮೋಟಾರು ಆಗಿನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಎಂಜಿನ್ನು ಹೇಗೋ ಓಡುತ್ತಿತ್ತು. ಅದರ ಬಲವನ್ನು ಗಾಲಿಗೆ ಮುಟ್ಟಿಸುವುದೇ ದೊಡ್ಡ ತಲೆನೋವು. ಬಹುಮಟ್ಟಿನ ಗಾಡಿಗಳಲ್ಲಿ ಇದ್ದುದು ತೊಗಲು ಹೊದಿಸಿದ ಶಂಕುವಿನಾಕಾರದ ಕ್ಲಚ್ಚು. ತೊಗಲು ಒಣಗಿದರೆ ಗಕ್ಕನೆ ಹಿಡಿದು ಗಾಡಿಯನ್ನು ಕುಪ್ಪಳಿಸುತ್ತಿತ್ತು, ಎಣ್ಣೆ ತಾಗಿದರೆ ಜಾರುತ್ತಿತ್ತು. ಜಾರಿದಾಗ ಅದರ ಮೇಲೆ ಜೇಡಿಮಣ್ಣಿನ ಪುಡಿ ಉದುರಿಸುವುದು, ಬಿರುಸಾದಾಗ ಎಣ್ಣೆ ಸವರುವುದು ಅಂದಿನ ಚಾಲಕರ ನಿತ್ಯಕರ್ಮಗಳಲ್ಲೊಂದು.

ಈ ಕುಲುಕಾಟವನ್ನೇ ಇಲ್ಲವಾಗಿಸಬೇಕೆಂದು ತರುಣ ಥಾಮಸ್ ಹಟ ತೊಟ್ಟ. ಎಂಜಿನ್ನಿನ ಬಲದ ಒಂದು ಪಾಲನ್ನು ಗೇರುಗಳ ಮೂಲಕವೂ ಇನ್ನೊಂದು ಪಾಲನ್ನು ವಿದ್ಯುತ್ ಯಂತ್ರಗಳ ಮೂಲಕವೂ ಹಾಯಿಸಿ, ಗಾಡಿಯನ್ನು ಅಲುಗದಂತೆ ಹೊರಡಿಸುವ ವ್ಯವಸ್ಥೆಯೊಂದನ್ನು ಆತ ರೂಪಿಸಿದ. ಥಾಮಸ್ ಟ್ರಾನ್ಸ್‌ಮಿಷನ್ ಎಂದೇ ಅದಕ್ಕೆ ಹೆಸರಾಯಿತು. ಅದನ್ನು ಅಳವಡಿಸಿದ ರೈಲು ಮೋಟಾರೊಂದು 1916ರಲ್ಲಿ ದೂರದ ನ್ಯೂಜಿಲೆಂಡಿನ ಹಳಿಗಳ ಮೇಲೆ ಪರೀಕ್ಷೆಗೆ ಓಡಿತು. ಪೆಟ್ರೋಲನ್ನೂ ವಿದ್ಯುತ್ತನ್ನೂ ಒಟ್ಟುಗೂಡಿಸಿದ ಇಂದಿನ ಕಾರುಗಳನ್ನು ಕಂಡಾಗ ನನಗೆ ಈತನ ಜ್ಞಾಪಕ ಬರುವುದುಂಟು. ಆ ಕಾಲಕ್ಕೆ ಅದು ತೂಕದ, ತೊಡಕಿನ ಯಂತ್ರವಾಯಿತು, ವ್ಯಾಪಾರವಾಗಿ ಬೆಳೆಯಲಿಲ್ಲ. ಆದರೆ ಎಂಜಿನ್ನಿಗೂ ಗಾಲಿಗೂ ನಡುವೆ ಇರುವ ಕೊಂಡಿಯ ವಿಷಯವಾಗಿ ಇಷ್ಟು ಆಳವಾಗಿ ಚಿಂತಿಸಿದವರು ಆತನ ತಲೆಮಾರಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಮುಂದಿನದನ್ನು ಓದುವಾಗ ಈ ಮಾತನ್ನು ವಾಚಕರು ಮರೆಯಬಾರದು.

ಲಾರಿಗಳಿಗೆ ಹೆಸರಾದ ಲೇಲ್ಯಾಂಡ್ ಸಂಸ್ಥೆಯಲ್ಲಿ ಥಾಮಸ್ ಮುಖ್ಯ ಎಂಜಿನಿಯರಾದ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಹಣದ ಲೆಕ್ಕವಿಡದೆ ಲೋಕೋತ್ತರವಾದ ಕಾರೊಂದನ್ನು ಕಟ್ಟಲು ಆತನಿಗೆ ಸ್ವಾತಂತ್ರ್ಯ ದೊರೆಯಿತು. ರೀಡ್ ರೇಲ್ಟನ್ ಎಂಬ ಎಳೆಯ ಎಂಜಿನಿಯರು ಆತನ ಸಹಾಯಕ. 1920ರಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಜನ ಬೆರಗಾಗಿ ನೋಡಿದ ಲೇಲ್ಯಾಂಡ್ ಎಯ್ಟ್ ಹೀಗೆ ಹುಟ್ಟಿತು: ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು, ಸುಮಾರು ಏಳು ಲೀಟರಿನ ಎಂಜಿನ್ನು. ಆದರೆ ಬೆಲೆ ಕೇಳಿದವರು ಹಿಂದೆ ಸರಿದರು. ತಯಾರಾದವು ಹದಿನೆಂಟರ ಆಸುಪಾಸು. ಐರ್ಲೆಂಡಿನ ಮುಖಂಡ ಮೈಕೇಲ್ ಕಾಲಿನ್ಸ್ 1922ರಲ್ಲಿ ಹೊಂಚುದಾಳಿಗೆ ಬಲಿಯಾದ ದಿನ ಪ್ರಯಾಣ ಮಾಡುತ್ತಿದ್ದುದು ಇವುಗಳಲ್ಲಿ ಒಂದರಲ್ಲಿ.

ಕಾರು ಮಾರಾಟವಾಗದೆ ಹೋದುದು ಥಾಮಸನ ಬಾಳನ್ನು ತಿರುಗಿಸಿತು. ತನ್ನ ಕೃತಿಯ ಯೋಗ್ಯತೆಯನ್ನು ತಾನೇ ಓಡಿಸಿ ತೋರಿಸಬೇಕೆಂದು ಆತ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಬಯಲಿಗೆ ಇಳಿದ. ವಯಸ್ಸು ನಲವತ್ತರ ಹತ್ತಿರ. ಪಂದ್ಯಗಾರರು ನಿವೃತ್ತರಾಗುವ ವಯಸ್ಸು. 1923ರಿಂದ ಅದೇ ಆತನ ವೃತ್ತಿಯಾಯಿತು. ಮದುವೆಯಾಗಲಿಲ್ಲ. ಪಂದ್ಯದ ದಾರಿಯ ಒಳಬದಿಯಲ್ಲೇ ಇದ್ದ ಸಣ್ಣ ಬಂಗಲೆಯೊಂದರಲ್ಲಿ ವಾಸ. ಅದರ ಹೆಸರು ಹರ್ಮಿಟೇಜ್, ಎಂದರೆ ಆಶ್ರಮ. ಹೆಸರು ಒಪ್ಪುವಂತಿತ್ತು. ಬಣ್ಣಬಣ್ಣದ ಉಣ್ಣೆಯ ಅಂಗಿ ತೊಟ್ಟು, ಮೈತುಂಬ ಎಣ್ಣೆ ಮಸಿ ಮಾಡಿಕೊಂಡು ದುಡಿಯುವ ಈ ಒಂಟಿ ಮನುಷ್ಯ ಐದು ಋತುಗಳಲ್ಲಿ ಅಲ್ಲಿ 38 ಪಂದ್ಯಗಳನ್ನು ಗೆದ್ದ. 1925ರಲ್ಲಿ ಅರ್ನೆಸ್ಟ್ ಎಲ್ಡ್ರಿಜ್ ಎಂಬಾತನ ವಿಮಾನ ಎಂಜಿನ್ನಿನ ದೈತ್ಯ ಫಿಯಟ್ಟಿನೊಡನೆ ನಡೆದ ಜಿದ್ದಿನ ಓಟದಲ್ಲಿಯೂ ಗೆಲುವು ಥಾಮಸನ ಲೇಲ್ಯಾಂಡಿನದೇ ಆಯಿತು.

ಇಷ್ಟಾದ ಮೇಲೆ ಉಳಿದದ್ದು ಭೂಮಿಯ ಮೇಲಿನ ಪರಮವೇಗದ ದಾಖಲೆ. ಅದಕ್ಕೆ ಬೇಕಾದದ್ದು ಹಣ. ಸೀಗ್ರೇವ್‌ನ ಬೆನ್ನಿಗೆ ಸನ್‌ಬೀಮ್ ಕಾರ್ಖಾನೆಯಿತ್ತು. ಮಾಲ್ಕಮ್ ಕ್ಯಾಂಬೆಲ್ ಅನುಕೂಲಸ್ಥ. ಥಾಮಸನ ಬಳಿ ಇದ್ದುದು ಬುದ್ಧಿ ಮಾತ್ರ. ಆಗ ಆತನ ಕಣ್ಣಿಗೆ ಬಿದ್ದದ್ದು ಸತ್ತವನೊಬ್ಬನ ಕಾರು. ಕೌಂಟ್ ಲೂಯಿ ಜ್ಬೊರೊವ್‌ಸ್ಕಿ ಎಂಬ ಸಿರಿವಂತ ತರುಣನಿಗೆ ವಿಮಾನದ ಎಂಜಿನ್ನುಗಳನ್ನು ಕಾರಿಗೆ ಹೂಡುವ ಗೀಳು. ಅವನ ಕೊನೆಯ ದೈತ್ಯ ಹೈಯಮ್ ಸ್ಪೆಷಲ್. ಒಳಗಿದ್ದುದು ಅಮೆರಿಕದ ಲಿಬರ್ಟಿ ವಿಮಾನ ಎಂಜಿನ್ನು, 27 ಲೀಟರು, ಹನ್ನೆರಡು ಸಿಲಿಂಡರು, 450 ಅಶ್ವಶಕ್ತಿ. ಕಾರು ಪೂರ್ತಿಯಾಗುವ ಮೊದಲೇ, 1924ರಲ್ಲಿ, ಜ್ಬೊರೊವ್‌ಸ್ಕಿ ಇಟಲಿಯ ಮೊಂಜಾದಲ್ಲಿ ಮರಕ್ಕೆ ಅಪ್ಪಳಿಸಿ ಸತ್ತ. ಅವನ ಆಸ್ತಿಯಿಂದ ಥಾಮಸ್ ಅದನ್ನು 125 ಪೌಂಡಿಗೆ ಕೊಂಡುತಂದು, ಬಾಬ್ಸ್ ಎಂದು ಮುದ್ದಿನ ಹೆಸರಿಟ್ಟ.

ಇಲ್ಲಿ ನನ್ನ ವಿದ್ಯಾರ್ಥಿ ಕಿವಿ ನಿಮಿರಿಸಿದ. ಏಕೆಂದರೆ ಇದು ಅವನದೇ ಕಥೆ. ಥಾಮಸ್ ಎಂಜಿನ್ನಿಗೆ ನಾಲ್ಕು ಜೆನಿತ್ ಕಾರ್ಬುರೇಟರುಗಳನ್ನು ಕೂರಿಸಿದ. ತಾನೇ ವಿನ್ಯಾಸಗೊಳಿಸಿದ ಪಿಸ್ಟನ್ನುಗಳನ್ನು ಹಾಕಿದ. ಗಾಳಿಯನ್ನು ಸೀಳಿ ಹೋಗುವಂತೆ ಮೈಯನ್ನು ತಿದ್ದಿದ. ಆದರೆ ಎಂಜಿನ್ನಿನ ಹಿಂದೆ ಇದ್ದ ಗೇರ್ ಬಾಕ್ಸೂ ಹಿಂಗಾಲಿಗಳನ್ನು ತಿರುಗಿಸುವ ಸರಪಣಿಗಳೂ ಜ್ಬೊರೊವ್‌ಸ್ಕಿಯ ಕಾಲದ ಏರ್ಪಾಡಿನವೇ ಆಗಿ ಉಳಿದವು. ಯುದ್ಧಕ್ಕೆ ಮುಂಚಿನ ಬ್ಲಿಟ್ಜೆನ್ ಬೆಂಜ್ ಕಾರಿನಿಂದ ಬಂದಂಥವು. ಬೆಂಜ್ ಕಾರು 200 ಅಶ್ವಶಕ್ತಿಯದು. ಅದಕ್ಕೆ ತಕ್ಕಂತೆ ಹುಟ್ಟಿದ ಕೊಂಡಿಗಳು ಈಗ ಅದರ ಇಮ್ಮಡಿಗೂ ಮಿಗಿಲಾದ ಬಲವನ್ನು ಹೊರಬೇಕಾಯಿತು. ಸರಪಣಿಯಿಂದ ಎಂಜಿನ್ನನ್ನು ಬಿಡಿಸಲು ಹೊರಟಿದ್ದವನು ಸರಪಣಿಗೇ ಮರಳಿದ್ದು ಅಜ್ಞಾನದಿಂದಲ್ಲ. ಹೊಸದಾಗಿ ಎಲ್ಲವನ್ನೂ ಕಟ್ಟಲು ಕಾಸಿರಲಿಲ್ಲ ಎಂಬುದೇ ನನ್ನ ತೀರ್ಮಾನ. ಇನ್ನೊಂದನ್ನೂ ಅಳುಕುತ್ತಲೇ ಸೇರಿಸುತ್ತೇನೆ: ಎಂಜಿನ್ನನ್ನು ತಿದ್ದುವುದರಲ್ಲಿ ಒಂದು ಉಲ್ಲಾಸವಿದೆ. ಅದರ ಹಿಂದಿನ ಕಬ್ಬಿಣದ ಕಡೆಗೆ ಮನಸ್ಸು ಅಷ್ಟಾಗಿ ಹೋಗುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲೂ ಇದನ್ನು ಕಂಡಿದ್ದೇನೆ, ನನ್ನಲ್ಲಿಯೂ.

ಕ್ಲಚ್ಚಿಗೂ ಸರಪಣಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಹೊರೆ ಮೀರಿದರೆ ಕ್ಲಚ್ಚು ಜಾರುತ್ತದೆ. ಕಾಯುತ್ತದೆ, ಹೊಗೆಯಾಡುತ್ತದೆ, ಒಡೆಯನಿಗೆ ಸುಳಿವು ಕೊಡುತ್ತದೆ. ಮನೆಯ ವಿದ್ಯುತ್ತಿಗೆ ಫ್ಯೂಸ್ ತಂತಿ ಇದ್ದಂತೆ ಅದು. ಸರಪಣಿಗೆ ಜಾರಲು ಬಾರದು. ತಾಳುವಷ್ಟು ತಾಳಿ, ಒಮ್ಮೆಗೇ ಕಡಿಯುತ್ತದೆ. ಬಾಬ್ಸಿನ ಸರಪಣಿಗಳು ಓಡುತ್ತಿದ್ದುದು ಚಾಲಕ ಕುಳಿತಲ್ಲಿಂದ ಅನತಿ ದೂರದಲ್ಲಿ.

ವೇಲ್ಸಿನ ದಕ್ಷಿಣ ತೀರದಲ್ಲಿ ಪೆಂಡೈನ್ ಎಂಬಲ್ಲಿ ಸಮುದ್ರ ಇಳಿದಾಗ ಮೈಲಿಗಟ್ಟಲೆ ಗಟ್ಟಿ ಮರಳು ತೆರೆದುಕೊಳ್ಳುತ್ತದೆ. 1926ರ ಏಪ್ರಿಲ್ 27ರಂದು ಥಾಮಸ್ ಅಲ್ಲಿ ಗಂಟೆಗೆ 169.30 ಮೈಲಿಯ ವೇಗದಲ್ಲಿ ಓಡಿದ. ಮರುದಿನವೇ 171.02 ಮೈಲಿ. ಸೀಗ್ರೇವ್ ಒಂದು ತಿಂಗಳ ಹಿಂದಷ್ಟೇ ಸ್ಥಾಪಿಸಿದ್ದ ದಾಖಲೆ 152.33. ಹತ್ತೊಂಬತ್ತು ಮೈಲಿಗಳ ಆ ಅಂತರವನ್ನು ನೋಡಿದರೆ ಸಾಕು, ಸತ್ತವನ ಮನೆಯಿಂದ 125 ಪೌಂಡಿಗೆ ತಂದ ಕಾರಿನಲ್ಲಿ ಆತ ಏನು ಸಾಧಿಸಿದನೆಂದು ತಿಳಿಯುತ್ತದೆ. 1927ರ ಫೆಬ್ರವರಿ 4ರಂದು ಕ್ಯಾಂಬೆಲ್ ಅದೇ ಮರಳಿನ ಮೇಲೆ 174.88 ಮೈಲಿ ಮುಟ್ಟಿ ದಾಖಲೆಯನ್ನು ಕಸಿದುಕೊಂಡ. ಅತ್ತ ಸೀಗ್ರೇವ್ ಸಾವಿರ ಅಶ್ವಶಕ್ತಿಯದೆಂದು ಹೆಸರಾದ ಸನ್‌ಬೀಮ್ ಕಾರಿನೊಡನೆ ಅಮೆರಿಕದ ಡೇಟೋನಾಕ್ಕೆ ಹೊರಡುವ ಸಿದ್ಧತೆಯಲ್ಲಿದ್ದ. ಥಾಮಸನಿಗೆ ಉಳಿದಿದ್ದುದು ಕೆಲವೇ ವಾರಗಳು.

ಆಗತಾನೇ ಶೀತಜ್ವರದಿಂದ ಎದ್ದಿದ್ದ ಆತ ಮಾರ್ಚ್ 3ರಂದು ಪೆಂಡೈನಿನಲ್ಲಿ ಬಾಬ್ಸನ್ನು ಮತ್ತೆ ಹೊರಡಿಸಿದ. ಕಾರು ನೂರೆಪ್ಪತ್ತು ಮೈಲಿಯ ಸನಿಹದ ವೇಗದಲ್ಲಿದ್ದಾಗ ಉರುಳಿ, ಮರಳನ್ನು ಉತ್ತುಕೊಂಡು ಹೋಗಿ, ಬೆಂಕಿ ಹತ್ತಿ ನಿಂತಿತು. ಜನ ಓಡಿ ಬರುವಷ್ಟರಲ್ಲಿ ಥಾಮಸ್ ಒಳಗೆ ನಿರ್ಜೀವನಾಗಿದ್ದ. ವೇಗದ ದಾಖಲೆಯ ಬೆನ್ನು ಹತ್ತಿ ಓಡಿಸುತ್ತಲೇ ಪ್ರಾಣ ಬಿಟ್ಟವರಲ್ಲಿ ಆತನೇ ಮೊದಲಿಗ. ವಯಸ್ಸು 42. ಬಲಗಡೆಯ ಸರಪಣಿ ಕಡಿದು ತಲೆಗೆ ಬಡಿಯಿತೆಂದು ಅಂದಿನವರು ನಂಬಿದರು. ಅದೇ ನಂಬಿಕೆ ಬಹುಕಾಲ ನಿಂತಿತು. ಬ್ರೂಕ್‌ಲ್ಯಾಂಡ್ಸಿಗೆ ಸಮೀಪದ ಬೈಫ್ಲೀಟಿನ ಇಗರ್ಜಿಯ ಅಂಗಳದಲ್ಲಿ ಆತನಿಗೆ ಮಣ್ಣಾಯಿತು. ಬಾಬ್ಸನ್ನು ಗೆಳೆಯರು ಪೆಂಡೈನಿನ ಮರಳುದಿಬ್ಬದಲ್ಲಿಯೇ ಹೂತುಬಿಟ್ಟರು.

ಇಪ್ಪತ್ತಾರು ದಿನಗಳ ಮೇಲೆ, ಮಾರ್ಚ್ 29ರಂದು, ಸೀಗ್ರೇವ್ ಡೇಟೋನಾದಲ್ಲಿ 203.79 ಮೈಲಿ ಮುಟ್ಟಿದ. ಆ ಕಾರೂ ಸರಪಣಿಯಿಂದಲೇ ಓಡುವಂಥದು. ಆದರೆ ಸರಪಣಿಗಳು ಉಕ್ಕಿನ ಕವಚದೊಳಗಿದ್ದವು. ಅದರಲ್ಲಿ ಎರಡು ವಿಮಾನ ಎಂಜಿನ್ನುಗಳಿದ್ದವು. ಮೊದಲು ಹಿಂದಿನದನ್ನು ಹೂಡಿ, ಘರ್ಷಣೆಯ ಕ್ಲಚ್ಚಿನ ಮೂಲಕ ಮೆಲ್ಲಗೆ ಮುಂದಿನದನ್ನು ಎಬ್ಬಿಸುವುದು. ಎರಡರ ವೇಗವೂ ಸಮನಾದ ಮೇಲೆ ಹಲ್ಲಿಗೆ ಹಲ್ಲು ಕಚ್ಚುವ ಕ್ಲಚ್ಚಿನಿಂದ ಅವನ್ನು ಒಂದಾಗಿ ಬಿಗಿಯುವುದು. ಜಾರಬೇಕಾದಲ್ಲಿ ಜಾರುವುದು, ಜಾರಬಾರದಲ್ಲಿ ಜಾರದಿರುವುದು, ಎರಡಕ್ಕೂ ಬೇರೆ ಬೇರೆ ಅಂಗ. ಕಾರ್ಖಾನೆಯೊಂದರ ಹಣ ಕೊಂಡುಕೊಡಬಲ್ಲ ವಿವೇಕವಿದು. ಥಾಮಸನ ಶಿಷ್ಯ ರೇಲ್ಟನ್ನನೂ ಮುಂದೆ ದೊಡ್ಡವನಾದ. ಅವನು ವಿನ್ಯಾಸಗೊಳಿಸಿದ ಕಾರಿನಲ್ಲಿ ಜಾನ್ ಕಾಬ್ 1947ರಲ್ಲಿ 394 ಮೈಲಿ ದಾಟಿದ.

ಬಾಬ್ಸಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಓವೆನ್ ವಿನ್ ಓವೆನ್ ಎಂಬ ಎಂಜಿನಿಯರಿಂಗ್ ಮೇಷ್ಟ್ರು 1969ರಲ್ಲಿ ಅನುಮತಿ ಪಡೆದು ಮರಳನ್ನು ಅಗೆಸಿದರು. ನಲವತ್ತೆರಡು ವರ್ಷ ಉಪ್ಪುನೀರು ಕುಡಿದಿದ್ದ ತುಕ್ಕಿನ ರಾಶಿ ಮೇಲೆ ಬಂತು. ಅದನ್ನು ಮನೆಗೆ ಸಾಗಿಸಿ, ವರ್ಷಗಟ್ಟಲೆ ಬಿಡುವಿನ ವೇಳೆಯನ್ನೆಲ್ಲ ಸುರಿದು, ಮತ್ತೆ ಓಡುವಂತೆ ಮಾಡಿದರು. ನಮ್ಮ ವೃತ್ತಿಯವನೊಬ್ಬನ ಈ ಸಾಹಸ ನನಗೆ ಯಾವ ದಾಖಲೆಗಿಂತ ಕಡಿಮೆಯದಾಗಿಯೂ ಕಾಣುವುದಿಲ್ಲ. ಅವಶೇಷಗಳನ್ನು ನೋಡಿದ ಮೇಲೆ ಹಳೆಯ ನಂಬಿಕೆ ಅಲುಗಾಡಿತು. ಮೊದಲು ಮುರಿದದ್ದು ಬಲಗಡೆಯ ಹಿಂಗಾಲಿ, ಸರಪಣಿ ಕಡಿದದ್ದು ಆಮೇಲೆ ಎಂಬ ವಾದ ಹುಟ್ಟಿತು. ಹಾಗಿದ್ದರೆ ಸರಪಣಿಯ ಮೇಲಿನ ಅಪವಾದ ಗಾಲಿಗೆ ಹೋಗುತ್ತದೆ. ಎರಡರಲ್ಲಿ ಯಾವುದೇ ಇರಲಿ, ಮುರಿದದ್ದು ಎಂಜಿನ್ನಲ್ಲ. ಅದು ಕೊನೆಯವರೆಗೂ ತನ್ನ ಕೆಲಸ ಮಾಡಿತ್ತು.

ಕತ್ತಲಾಗುವ ಹೊತ್ತಿಗೆ ನನ್ನ ವಿದ್ಯಾರ್ಥಿ ತಾನು ತಂದ ಕಾಗದಗಳನ್ನು ಮಡಿಚಿಟ್ಟುಕೊಂಡು ಹೋದ. ಮುಂದಿನ ವಾರ ಫೋನು ಮಾಡಿದ್ದ. ಟರ್ಬೊ ಒತ್ತಡವನ್ನು ಅರ್ಧಕ್ಕೆ ಇಳಿಸಿದ್ದಾನಂತೆ. ಗೇರ್ ಬಾಕ್ಸು ಎಷ್ಟು ತಿರುಗುಬಲ ತಾಳುತ್ತದೆಂದು ತಯಾರಕರಿಗೆ ಬರೆದು ಕೇಳಿದ್ದಾನಂತೆ. ಕ್ಲಚ್ಚನ್ನು ಇನ್ನೂ ಕೊಂಡಿಲ್ಲ.