ನದಿಯ ತಿರುವು ಮತ್ತು ಮೇಘನಾದ ಸಹಾ

ಸಹಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1920ರ ನಕ್ಷತ್ರಗಳ ಸಮೀಕರಣ. ನಾನು ಎಂ.ಟೆಕ್‌ನಲ್ಲಿ ಬಾಗಿದ ಕಾಲುವೆಯ ನೀರಿನ ಸುಳಿ ಅಳೆದವನು. ಈಗ ಕೋಲ್ಕತ್ತಾದ ಸಾಲ್ಟ್‌ಲೇಕ್‌ನಲ್ಲಿ ಕೋಡ್ ಬರೆಯುತ್ತೇನೆ. ಅವರ ಹೆಸರಿನ ಪರಮಾಣು ಸಂಸ್ಥೆಯೂ ಇಲ್ಲೇ ಇದೆ. ಆದರೂ ನನಗೆ ಅವರು ಮೊದಲು ನದಿಯ ಮನುಷ್ಯ.

1893ರಲ್ಲಿ ಢಾಕಾ ಬಳಿಯ ಹಳ್ಳಿಯೊಂದರಲ್ಲಿ, ಪುಟ್ಟ ಅಂಗಡಿಯವರ ಮಗನಾಗಿ ಹುಟ್ಟಿದರು. ಮಳೆಗಾಲದಲ್ಲಿ ದೋಣಿ ಇಲ್ಲದೆ ಓಡಾಟವಿಲ್ಲದ ಸೀಮೆ ಅದು. 1922ರಲ್ಲಿ ಉತ್ತರ ಬಂಗಾಳ ಮುಳುಗಿದಾಗ ಗುರು ಪ್ರಫುಲ್ಲಚಂದ್ರ ರಾಯರ ಜೊತೆ ಪರಿಹಾರದ ಕೆಲಸಕ್ಕೆ ನಿಂತರು. ಆದರೆ ಅಕ್ಕಿ, ಬಟ್ಟೆ ಹಂಚಿದರೆ ಮುಗಿಯಿತು ಎನ್ನುವ ಜಾಯಮಾನ ಅವರದಲ್ಲ. ಬಂಗಾಳಕ್ಕೆ ನದಿ ಪ್ರಯೋಗಾಲಯ ಬೇಕು, ನದಿಯ ಚಿಕ್ಕ ಮಾದರಿ ಕಟ್ಟಿ ನೀರು ಹರಿಸಿ ನೋಡಬೇಕು ಎಂದು 1930ರ ದಶಕದಿಂದಲೇ ಬರೆಯತೊಡಗಿದರು.

ಮಾದರಿ ಯಾಕೆ? ತಿರುವಿನಲ್ಲಿ ಮೇಲಿನ ವೇಗದ ನೀರು ಹೊರದಂಡೆಯತ್ತ ನುಗ್ಗುತ್ತದೆ, ಅಲ್ಲಿ ಮಟ್ಟ ತುಸು ಏರುತ್ತದೆ. ತಳದ ನೀರು ನೆಲಕ್ಕೆ ಉಜ್ಜಿ ನಿಧಾನವಾಗಿರುವುದರಿಂದ, ಆ ಒತ್ತಡಕ್ಕೆ ಮಣಿದು ಮರಳಿನ ಸಮೇತ ಒಳದಂಡೆಗೆ ಸರಿಯುತ್ತದೆ. ಹೊರಗೆ ಕೊರೆತ, ಒಳಗೆ ಹೂಳು. ಚಹಾ ಕಲಕಿದಾಗ ಸೊಪ್ಪು ಲೋಟದ ನಡುವೆ ಗುಡ್ಡೆಯಾಗುವುದೂ ಇದರಿಂದಲೇ. ಐನ್‌ಸ್ಟೈನ್ 1926ರಲ್ಲಿ ಅದನ್ನೇ ಹಿಡಿದು ನದಿಯ ಬಳುಕನ್ನು ವಿವರಿಸಿದ್ದರು. ಮರಳು, ಹೂಳು ಸೇರಿದ ನಿಜವಾದ ನದಿಯನ್ನು ಬರೀ ಕಾಗದದ ಲೆಕ್ಕ ಹಿಡಿಯದು. ನಮ್ಮ ಕೆಆರ್‌ಎಸ್ ಬಳಿಯ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲೂ ಮಾದರಿ ಕಟ್ಟಿ ನೋಡುವುದು ಇದಕ್ಕೇ.

1943ರಲ್ಲಿ ದಾಮೋದರ ನದಿ ಒಡ್ಡು ಒಡೆದು, ಯುದ್ಧದ ನಡುವೆ ಕಲ್ಕತ್ತೆಯ ರೈಲು ಸಂಪರ್ಕವನ್ನೇ ಕಡಿಯಿತು. ಸರ್ಕಾರಕ್ಕೆ ಆಗ ಎಚ್ಚರವಾಯಿತು ಅನ್ನಿ. ವಿಚಾರಣಾ ಸಮಿತಿಗೆ ಸಹಾ ಸದಸ್ಯರಾದರು. ಅಮೆರಿಕದ ಟೆನೆಸಿ ಕಣಿವೆಯಂತೆ ಇಡೀ ಕಣಿವೆಗೆ ಒಂದೇ ಯೋಜನೆ ಬೇಕೆಂದು ವಾದಿಸಿದರು. ನದಿ ಸಂಶೋಧನಾ ಸಂಸ್ಥೆ ಅದೇ ವರ್ಷ ಬಂತು, ದಾಮೋದರ ಕಣಿವೆ ನಿಗಮ 1948ರಲ್ಲಿ.

1952ರಲ್ಲಿ ಕಲ್ಕತ್ತೆಯಿಂದ ಲೋಕಸಭೆಗೆ ಗೆದ್ದರು. ಅಲ್ಲಿ ನೆಹರೂಗೂ ಬಿಸಿ ಮುಟ್ಟಿಸಿದರು. 1956ರ ಫೆಬ್ರುವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುತ್ತಿದ್ದಾಗ ದಾರಿಯಲ್ಲೇ ಕುಸಿದು ತೀರಿಕೊಂಡರು. ಮೈಥಾನ್ ಅಣೆಕಟ್ಟೆ ಮುಗಿದದ್ದು ಮರುವರ್ಷ. ಮೊದಲು ಹೇಳಿದ್ದ ಎಂಟು ಅಣೆಕಟ್ಟೆಗಳಲ್ಲಿ ನಿಗಮ ಕಟ್ಟಿದ್ದು ನಾಲ್ಕೇ. ಜೋರು ಮಳೆಯ ವರ್ಷಗಳಲ್ಲಿ ಹೂಗ್ಲಿ, ಹೌರಾ ಜಿಲ್ಲೆಗಳ ತಗ್ಗಿನ ಊರುಗಳಿಗೆ ದಾಮೋದರದ ನೀರು ಈಗಲೂ ನುಗ್ಗುತ್ತದೆ.