ಹರ್ಮನ್ ಸ್ಟೌಡಿಂಗರ್: ಅಣುವಿನ ಉದ್ದ ಅಳೆದವರು

ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಓಸ್ಟ್‌ವಾಲ್ಡ್ ವಿಸ್ಕೋಮೀಟರ್ ಹಿಡಿದು ಸ್ಟಾಪ್‌ವಾಚ್ ಒತ್ತಿದವರು ನಮ್ಮಲ್ಲಿ ಬಹಳ ಜನ. ರೀಡಿಂಗ್ ಬರ್ಕೊಂಡು ಸಹಿ ಹಾಕಿಸ್ಕೊಂಡ್ರೆ ಮುಗೀತು. ಅಂಥದ್ದೇ ಗಾಜಿನ ಕೊಳವೆಯನ್ನು ನೆಚ್ಚಿಕೊಂಡು, ತಮ್ಮ ಕಾಲದ ಘಟಾನುಘಟಿ ರಸಾಯನ ವಿಜ್ಞಾನಿಗಳನ್ನೇ ಎದುರು ಹಾಕಿಕೊಂಡವರು ಹರ್ಮನ್ ಸ್ಟೌಡಿಂಗರ್.

ಹುಟ್ಟಿದ್ದು 1881ರ ಮಾರ್ಚ್ 23ರಂದು, ಜರ್ಮನಿಯ ವೋರ್ಮ್ಸ್‌ನಲ್ಲಿ. 1905ರಲ್ಲೇ ಕೀಟೀನ್ ಎಂಬ ಹೊಸ ಸಂಯುಕ್ತಗಳನ್ನು ಕಂಡುಹಿಡಿದು ಹೆಸರು ಮಾಡಿದರು. 1912ರಲ್ಲಿ ಜ್ಯೂರಿಕ್‌ನಲ್ಲಿ ಪ್ರೊಫೆಸರ್ ಆದರು. ಅದೇ ದಾರೀಲಿ ಹೋಗಿದ್ರೆ ಹಾಯಾಗಿರಬಹುದಿತ್ತು. ಆದರೆ 1920ರಲ್ಲಿ ಒಂದು ಲೇಖನ ಬರೆದರು. ರಬ್ಬರ್‌ನಂಥ ವಸ್ತುಗಳಲ್ಲಿರುವುದು ಮಾಮೂಲಿ ಕೋವೇಲೆಂಟ್ ಬಂಧಗಳಿಂದಲೇ ಹೆಣೆದ ಭಾರೀ ಉದ್ದದ ಸರಪಳಿಗಳು ಅನ್ನೋದು ಅವರ ವಾದ. 1922ರಲ್ಲಿ ಅವಕ್ಕೆ ಮ್ಯಾಕ್ರೋಮಾಲಿಕ್ಯೂಲ್ ಎಂದು ಹೆಸರಿಟ್ಟರು.

ಹಿರಿಯರು ಒಪ್ಪಲಿಲ್ಲ. ಅವೆಲ್ಲ ಸಣ್ಣ ಅಣುಗಳು ಅಂಟಿಕೊಂಡ ಗುಂಪುಗಳು ಎಂಬುದು ಆಗಿನ ನಂಬಿಕೆ. ಎಕ್ಸ್‌ರೇಯಲ್ಲಿ ಕಾಣುವ ಯೂನಿಟ್ ಸೆಲ್ ಇಷ್ಟು ಚಿಕ್ಕದಿರುವಾಗ, ಅದಕ್ಕಿಂತ ದೊಡ್ಡ ಅಣು ಹೇಗೆ ಸಾಧ್ಯ ಅಂತ ಕೇಳಿದರು.

ಸ್ಟೌಡಿಂಗರ್ ಉತ್ತರ ಹುಡುಕಿದ್ದು ಪಾಲಿಈಥರ್‌ಗಳಲ್ಲಿ. ಫಾರ್ಮಾಲ್ಡಿಹೈಡ್‌ನಿಂದಾಗುವ ಪಾಲಿಆಕ್ಸಿಮಿಥಿಲೀನ್‌ನಲ್ಲಿ ಒಂದು ಕಾರ್ಬನ್, ಒಂದು ಆಕ್ಸಿಜನ್, ಹೀಗೇ ಸಾಲು. ಚಿಕ್ಕ ಸರಪಳಿಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ನೋಡಿದರು. ಉದ್ದ ಹೆಚ್ಚಿದಂತೆ ಕರಗುವ ಉಷ್ಣತೆ ಏರುತ್ತದೆ, ದ್ರಾವಕದಲ್ಲಿ ಕರಗುವ ಗುಣ ಇಳಿಯುತ್ತದೆ, ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ. ಒಂದೇ ಸರಪಳಿ ಹಲವು ಯೂನಿಟ್ ಸೆಲ್‌ಗಳನ್ನು ದಾಟಿ ಹೋಗಬಹುದು ಅನ್ನೋದೂ ಇದರಿಂದ ಗೊತ್ತಾಯಿತು.

1926ರಲ್ಲಿ ಫ್ರೈಬರ್ಗ್‌ಗೆ ಬಂದ ಮೇಲೆ ಎಥಿಲೀನ್ ಆಕ್ಸೈಡ್‌ನ ಪಾಲಿಮರ್ ಕೈಗೆತ್ತಿಕೊಂಡರು. ಇಲ್ಲಿ ಎರಡು ಕಾರ್ಬನ್‌ಗೆ ಒಂದು ಆಕ್ಸಿಜನ್. ವ್ಯತ್ಯಾಸ ಇಷ್ಟೇ, ಆದರೆ ಮೊದಲನೆಯದರ ಉದ್ದ ಸರಪಳಿ ನೀರಿನಲ್ಲಿ ಕರಗಲ್ಲ, ಇದು ಸಲೀಸಾಗಿ ಕರಗುತ್ತದೆ. ಚಿಕ್ಕ ಸರಪಳಿಯಾದರೆ ಮಂದ ದ್ರವ, ಸ್ವಲ್ಪ ಉದ್ದವಾದರೆ ಮೇಣ, ತೀರಾ ಉದ್ದವಾದರೆ ಒಂದು ಚಿಟಿಕೆ ಹಾಕಿದರೂ ನೀರು ಲೋಳೆಲೋಳೆ. ದ್ರಾವಣದ ಸ್ನಿಗ್ಧತೆಯಿಂದಲೇ ಅಣುತೂಕ ಲೆಕ್ಕ ಹಾಕಬಹುದು ಎಂದು 1930ರಲ್ಲಿ ಸೂತ್ರ ಕೊಟ್ಟರು. ದುಬಾರಿ ಯಂತ್ರ ಬೇಡ, ಕೊಳವೆ ಮತ್ತು ಗಡಿಯಾರ ಸಾಕು.

ಆದರೆ ಒಂದು ಕಡೆ ಎಡವಿದರು. ಸರಪಳಿ ಕಡ್ಡಿಯಂತೆ ನೆಟ್ಟಗಿರುತ್ತದೆ, ಹಾಗಾಗಿ ಸ್ನಿಗ್ಧತೆ ಅಣುತೂಕಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂದು ಹಟ ಹಿಡಿದರು. ವರ್ನರ್ ಕುನ್, ಹರ್ಮನ್ ಮಾರ್ಕ್ ಮುಂತಾದವರು ಸರಪಳಿ ಬಾಗುತ್ತದೆ, ಸುರುಳಿಯಾಗುತ್ತದೆ ಎಂದರು. ಅವರೇ ಸರಿ. ಅದಕ್ಕೇ ನಾವು ಓದುವ ಮಾರ್ಕ್–ಹೌವಿಂಕ್ ಸಮೀಕರಣದಲ್ಲಿ ಅಣುತೂಕದ ಘಾತ 1 ಅಲ್ಲ, ಸುರುಳಿ ಸರಪಳಿಗಳಿಗೆ ಸಾಮಾನ್ಯವಾಗಿ 0.5ರಿಂದ 0.8. ಗಾತ್ರದ ವಿಷಯದಲ್ಲಿ ಗೆದ್ದವರು ಆಕಾರದ ವಿಷಯದಲ್ಲಿ ಸೋತರು. ಹಾಗಂತ ಗೆದ್ದದ್ದೇನೂ ಸುಳ್ಳಾಗಲಿಲ್ಲ.

1944ರ ನವೆಂಬರ್‌ನಲ್ಲಿ ಫ್ರೈಬರ್ಗ್ ಮೇಲೆ ಬಾಂಬ್ ಬಿದ್ದು ಅವರ ಪ್ರಯೋಗಾಲಯ ಹಾಳಾಯಿತು. ಸಸ್ಯವಿಜ್ಞಾನಿಯಾಗಿದ್ದ ಹೆಂಡತಿ ಮಾಗ್ಡಾ ಕೆಲಸದಲ್ಲೂ ಜೊತೆಗಾತಿ. ನೊಬೆಲ್ ಬಂದಿದ್ದು 1953ರಲ್ಲಿ, 72ನೇ ವಯಸ್ಸಿಗೆ. 1965ರ ಸೆಪ್ಟೆಂಬರ್ 8ರಂದು ತೀರಿಕೊಂಡರು.

ಅಷ್ಟರಲ್ಲಿ ಅವರ ಪಾಲಿಆಕ್ಸಿಮಿಥಿಲೀನ್‌ಗೂ ಕೆಲಸ ಸಿಕ್ಕಿತ್ತು. ಬಿಸಿಗೆ ಬಿಚ್ಚಿಕೊಳ್ಳದಂತೆ ಸರಪಳಿಯ ತುದಿಗಳನ್ನು ಮುಚ್ಚಿ, 1960ರಲ್ಲಿ ಡ್ಯೂಪಾಂಟ್ ಅದನ್ನು ಡೆಲ್ರಿನ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ವಾದ ಗೆಲ್ಲೋಕೆ ಬಳಸಿದ ಆ ಪುಡಿ ಇವತ್ತು ಗೇರ್ ಆಗಿ ತಿರುಗ್ತಿದೆ.